ಕುದುರೆಗೂ ಗೋಡೆಗೂ ನಡುವೆ

ಅಪ್ಪಾ,

ಈ ಕಾಗದವನ್ನು ಯಾವ ಅಂಚೆ ಡಬ್ಬಕ್ಕೂ ಹಾಕುವಂತಿಲ್ಲವಾದ್ದರಿಂದ ನಿಜವನ್ನೇ ಬರೆಯುತ್ತೇನೆ. ನೀನು ಮೂವತ್ತು ವರ್ಷ ಕುದುರೆ ತಿಕ್ಕಿದ ಲಾಯಕ್ಕೆ, ಐವತ್ತೆರಡನೆಯ ವಯಸ್ಸಿನಲ್ಲಿ ನಿನ್ನ ಮಗ ಸವಾರಿ ಕಲಿಯಲು ಸೇರಿದ್ದಾನೆ. ಕಳೆದ ವಾರ ಕುದುರೆ ನಾಲ್ಕು ಹೆಜ್ಜೆ ಓಡಿತು, ನಾನು ಬೀಳಲಿಲ್ಲ. ಈ ಐತಿಹಾಸಿಕ ಘಟನೆಯನ್ನು ಬೀದಿಯವರಿಗೆಲ್ಲ ಹೇಳಿ ಮುಗಿಸಿದ್ದೇನೆ.

ಇವತ್ತಿನದನ್ನು ಮಾತ್ರ ಯಾರಿಗೂ ಹೇಳಿಲ್ಲ. ಲಾಯದ ಒಂದು ಮುದಿ ಕುದುರೆಯ ಮೈ ಉಜ್ಜಲು ಅದರ ಕೋಣೆಯೊಳಗೆ ಹೋದೆ. ಅದು ನಿಧಾನವಾಗಿ ವಾಲಿ, ನನ್ನನ್ನು ಗೋಡೆಗೆ ಒತ್ತಿ ನಿಂತುಬಿಟ್ಟಿತು. ತಳ್ಳಿದೆ, ಇನ್ನಷ್ಟು ಒರಗಿತು. ಉಸಿರಾಡಲೂ ಅದರ ಅಪ್ಪಣೆ ಬೇಕಾಯಿತು. ಬ್ರಷ್ಷಿನ ಸಮೇತ ಗೋಡೆಗೆ ಅಂಟಿಸಿದ ನೋಟೀಸಿನಂತಾದೆ.

ಸವಾರಿ ಕಲಿಸುವಾಕೆ ಬಾಗಿಲಲ್ಲಿ ಇಣುಕಿದಳು. "ಏನ್ ಸಾರ್, ಇಬ್ರೂ ಫೋಟೋಗೆ ನಿಂತಿದೀರಾ?"

"ತಮಾಷೆ ಆಮೇಲೆ ಮಾಡಮ್ಮ, ಮೊದ್ಲು ಇದನ್ನ ಸರಿಸು!"

"ತಳ್ಬೇಡಿ ಸಾರ್, ತಳ್ಳಿದಷ್ಟೂ ಒರಗತ್ತೆ. ವಯಸ್ಸಾಗಿದೆ, ಆಸರೆ ಬೇಕು ಅದಕ್ಕೆ. ಸುಮ್ನೆ ಕುತ್ತಿಗೆ ಮೇಲೆ ಕೈ ಇಡಿ, ತಾನೇ ಸರಿಯತ್ತೆ."

ನಿನ್ನ ಕೊನೆಯ ದಿನಗಳಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ನೀನು ನನ್ನ ಹೆಗಲಿಗೆ ಒರಗಿದಾಗ ನಾನು, "ಸ್ವಲ್ಪ ಆ ಕಡೆ ಸರಿಯಪ್ಪ, ಲಾಯದ ವಾಸ್ನೆ" ಎಂದಿದ್ದೆ. ನೀನು ಒಂದೇ ಮಾತಿಗೆ ಸರಿದು ನೆಟ್ಟಗೆ ಕೂತೆ, ಮತ್ತೆ ಒರಗಲಿಲ್ಲ.

ಕುತ್ತಿಗೆಯ ಮೇಲೆ ಕೈ ಇಟ್ಟೆ. ಕುದುರೆ ದೊಡ್ಡದೊಂದು ಉಸಿರು ಬಿಟ್ಟು ಪಕ್ಕಕ್ಕೆ ಸರಿಯಿತು.

"ಬನ್ನಿ ಸಾರ್ ಹೊರಗೆ, ಜಾಗ ಆಯ್ತಲ್ಲ" ಎಂದಳು.

ನಾನು ಕುದುರೆಯತ್ತ ಒಂದು ಹೆಜ್ಜೆ ಸರಿದು, ಅದರ ಪಕ್ಕೆಗೆ ಹೆಗಲು ಕೊಟ್ಟು ನಿಂತೆ.