ಬೂದು ಬಣ್ಣದ ಪುಟ್ಟ ಮಂಚಗಳು

ಜುಲೈ ೧೪, ಮಂಗಳವಾರ

ಡೆಕ್ಕಿನ ಹಿರಿಯ ನಾವಿಕರೊಬ್ಬರಿದ್ದಾರೆ, ಇಡೀ ಹಡಗಿಗೇ ದೊಡ್ಡಣ್ಣ. ಅಂಥವರ ಮೇಲೆ ಇವತ್ತು ರೇಗಿಬಿಟ್ಟೆ. ಮನಸ್ಸಿಗೆ ಸಮಾಧಾನವೇ ಇಲ್ಲ.

ನಾಳೆ ಬಂದರು ಸೇರ್ತೀವಿ. ಭೂಕಂಪದಲ್ಲಿ ಬಿದ್ದುಹೋದ ಮಕ್ಕಳ ಆಸ್ಪತ್ರೆಗೆ ಅಂತ ಜನ ದಾನ ಕೊಟ್ಟ ಸಾಮಾನೆಲ್ಲ ನನ್ನ ಉಸ್ತುವಾರಿಯಲ್ಲಿದೆ. ಅದರಲ್ಲಿ ಪುಟ್ಟ ಕಬ್ಬಿಣದ ಮಂಚಗಳೂ ಇವೆ. ಒಂದೊಂದರ ತಲೆಕಡೆಯ ಹಲಗೆ ಮೇಲೂ ಶಾಲೆಯ ಮಕ್ಕಳು ಹಳದಿ ಬಾತುಕೋಳಿ ಬರೆದು ಕಳಿಸಿದ್ದರು. ಬೆಳಿಗ್ಗೆ ನೋಡಿದರೆ ಎಲ್ಲದಕ್ಕೂ ನಮ್ಮ ಯುದ್ಧನೌಕೆಯದೇ ಬೂದು ಬಣ್ಣ!

"ಕಾಲೆಲ್ಲ ತುಕ್ಕು ಹಿಡಿದಿತ್ತು ಕಣಮ್ಮ. ತುಕ್ಕು ಕಂಡರೆ ನನ್ನ ಕೈ ಸುಮ್ಮನಿರಲ್ಲ" ಅಂದರು ದೊಡ್ಡಣ್ಣ. ಡೆಕ್ಕಿನಲ್ಲಿ ಅಲುಗಾಡದೆ ನಿಂತಿದ್ದಕ್ಕೆಲ್ಲ ಬಣ್ಣ ಬಳಿದು ಬಳಿದೇ ಇವರ ಕೂದಲು ನರೆತಿದ್ದು. "ಬಾತುಕೋಳಿಗೂ ತುಕ್ಕು ಹಿಡಿದಿತ್ತಾ?" ಅಂತ ಎಲ್ಲರೆದುರೇ ಕೇಳಿಬಿಟ್ಟೆ. ಪಾಪ, ಮುಖ ಇಷ್ಟೇ ಇಷ್ಟಾಯ್ತು.

ಊಟಕ್ಕೂ ಬರಲಿಲ್ಲ. ಸಂಜೆ ಹುಡುಕಿಕೊಂಡು ಹೋದರೆ, ಲೈಫ್‌ಬೋಟಿಗೆ ಬಳಿಯೋ ಕಿತ್ತಳೆ ಬಣ್ಣದ ಡಬ್ಬಿ ಮುಂದಿಟ್ಟುಕೊಂಡು ನೆಲದ ಮೇಲೆ ಕೂತಿದ್ದಾರೆ. ಮಂಚಕ್ಕೊಂದು ಬಾತುಕೋಳಿ ಬರೀತಿದ್ದಾರೆ. ಬಾತುಕೋಳಿಗಳಾ ಅವು! ಥೇಟ್ ಜಲಾಂತರ್ಗಾಮಿಗಳು. ಸಾಲದ್ದಕ್ಕೆ, ಪ್ರತಿಯೊಂದರ ಹೊಟ್ಟೆಯಿಂದಲೂ ಒಂದು ಸರಪಳಿ ಇಳಿದಿದೆ, ತುದಿಯಲ್ಲಿ ಲಂಗರು. ಸಿಟ್ಟೆಲ್ಲ ಎಲ್ಲಿ ಹೋಯ್ತೋ, ನಗು ತಡೆಯೋಕಾಗಲಿಲ್ಲ.

"ಬಾತುಕೋಳಿಗೆ ಲಂಗರು ಯಾಕಣ್ಣ?"

ಬ್ರಷ್ಷಿನಿಂದ ಕಣ್ಣು ತೆಗೀದೆ ಹೇಳಿದರು: "ನೆಲವೇ ಅಲುಗಾಡಿದ್ದನ್ನ ನೋಡಿದ ಮಕ್ಕಳು ಕಣಮ್ಮ. ಮಲಗಿದಾಗ ಧೈರ್ಯ ಇರಲಿ."