ಎಡಗಣ್ಣು

12 ಸೆಪ್ಟಂಬರ್ 1938, ಸೋಮವಾರ. ಗೋಕಾಕ.

ಮುಂಜಾನೆ ಹುಣಸಿ ಬೀಜದ ಅಂಟು ಕುದಿಸಾಕಿಟ್ಟೆ, ತಳ ಹತ್ತಿತು. ಯಮನವ್ವ ಬೈದ್ಲು. ಹೆಂಡ್ತಿ ಬೈದ ಮ್ಯಾಲಽ ನನ್ನ ದಿನ ಚಾಲೂ.

ವೀರಭದ್ರನ ಪಟ ಮುಗೀತು. ಮೈ, ಮೀಸಿ, ಖಡ್ಗ ನಂದು. ಕಣ್ಣು ಆಕೀದು. ಎರಡ ವರ್ಷಾತು ನನ್ನ ಕೈ ನಡಗಾಕತ್ತು. ಹಿಂದಿನ ದಿನ ಉಪವಾಸ ಇದ್ದು, ಹೊತ್ತ ಮೂಡೂದ್ರಾಗ ಮೈ ತೊಳಕೊಂಡು ದೇವರ ಕಣ್ಣ ತೆರೆಸೋದು ಮನಿ ಯಜಮಾನನ ಕೆಲಸ. ಈಗ ಉಪವಾಸಾನೂ ಆಕೀದು, ಕೈನೂ ಆಕೀದು. ಹೊರಗ ಯಾರಿಗೂ ಗೊತ್ತಿಲ್ಲ. ಗೊತ್ತಾದ್ರ ಯಾರ ತಗೋತಾರ? ಬಜಾರದಾಗ ಅಚ್ಚಿನ ಪಟ ರಾಶಿ ಬಿದ್ದಾವ. ನಮ್ಮ ಪಟ ಹೋಗೋದಽ ಆ ಕಣ್ಣಿಗೆ.

15 ಸೆಪ್ಟಂಬರ್

ಮೂಡಲಗಿ ಹತ್ತಿ ವ್ಯಾಪಾರಿ ಮುರಿಗೆಪ್ಪ ಸಾವಕಾರ್ರು ಬಂದಿದ್ರು. ಪಟ ನೋಡಿ ಕೈ ಮುಗದು ನಿಂತಬಿಟ್ರು.

“ಏನ ಕಣ್ಣೋ ದುಂಡಪ್ಪಾ! ಎಲ್ಲಿ ನಿಂತ್ರೂ ನನ್ನಽ ನೋಡ್ತಾನ. ಯಾರ ತೆರೆಸಿದ್ದು?”

“ನಾನಽರಿ.”

ಯಮನವ್ವ ಚಾ ಹಿಡಕೊಂಡು ಬಾಗಲದಾಗ ನಿಂತಿದ್ಲು. ಸಾವಕಾರ್ರು ಪಟ ತಗೊಂಡ್ರು — ಹುಕ್ಕೇರಿಗೆ, ಮಗಳ ಮನಿಗೆ. ದೀಪಾವಳಿಗೆ ತಮ್ಮ ಅಂಗಡಿಗೊಂದು ಲಕ್ಷ್ಮಿ ಹೇಳಿ ಹೋದ್ರು.

ನಾಚಿಕಿ ಆತು. ಸ್ವಲ್ಪಽ.

28 ಸೆಪ್ಟಂಬರ್, ಬುಧವಾರ

ವೀರಭದ್ರ ವಾಪಸ್ ಬಂದ. ಹುಕ್ಕೇರಿ ಬೀಗ್ರು ಹೆಸರಿಟ್ಟಾರಂತ, ತಪ್ಪ ಹುಡಕ್ಯಾರಂತ — ಎಡಗಣ್ಣ ಸಣ್ಣದಂತ, ಮನ್ಯಾಗ ಇಟ್ರ ಕೇಡಂತ. ಸಾವಕಾರ್ರ ಮಾರಿ ಕೆಂಪಗಾಗಿತ್ತು.

ನನ್ನ ಬಾಯಿಗೇನ ಬಂದಿತ್ತೋ! “ನನಗ ಜ್ವರ ಇತ್ರಿ. ಆ ಕಣ್ಣ ನಮ್ಮಾಕಿ ಮುಟ್ಟಿದ್ಲು.”

“ಹೆಣ್ಣಮಗಳ ಕೈಯಾಗ ಕೊಟ್ಟಿಯೇನೋ ದೇವರನ್ನ? ಲಕ್ಷ್ಮಿಗೆ ಹಂಗ ಮಾಡಬ್ಯಾಡ ಮತ್ತ.”

ಹೊಗಳಿದ್ರ ನನ್ನ ಕೈ. ಹೆಸರಿಟ್ರ ಆಕಿ ಕೈ. ಥೂ! ಅವರು ಹೋದ ಮ್ಯಾಲ ಪಟ ಬೆಳಕಿಗೆ ಹಿಡದ ನೋಡಿದೆ. ಕಣ್ಣ ಸಣ್ಣದಿಲ್ಲ. ಸಿಟ್ಟಿಗೆ ಹುಬ್ಬ ಗಂಟ ಹಾಕ್ಯಾನ, ಅಷ್ಟ. ಹುಬ್ಬ ಬರದಾಂವ ನಾನು.

ಒಳಗಿಂದ ರೊಟ್ಟಿ ಬಡಿಯೋ ಸಪ್ಪಳ ನಿಂತಿತ್ತು. ಎಲ್ಲಾ ಕೇಳ್ಯಾಳ.

14 ಅಕ್ಟೋಬರ್

ಬರಿಯಾಕ ಮನಸ್ಸಿರಲಿಲ್ಲ. ಯಮನವ್ವ ಬಣ್ಣ ಅರದು ಕೊಡ್ತಾಳ, ರೊಟ್ಟಿ ಹಾಕ್ತಾಳ. ಮಾತಿಲ್ಲ. ಬೈದ್ರರ ಚಲೋ ಇತ್ತು.

ಲಕ್ಷ್ಮಿ ಆಗ್ಯಾಳ, ಕಣ್ಣೊಂದು ಬಿಟ್ಟು. ಮುಂಜಾನೆ ನಾನಽ ಕುಂತೆ. ಮೂರ ಸಲ ಬರದೆ, ಮೂರ ಸಲ ಒರಸಿದೆ...

19 ಅಕ್ಟೋಬರ್, ಬುಧವಾರ

ಇವತ್ತ ಹೋಗಿ ಆಕಿ ಮುಂದ ಕುಂತೆ. ತಪ್ಪಾತು ಅಂದೆ. ಹೆಸರಕಾಳ ಆರಿಸ್ಕೊಂತಽ ಕೇಳಿದ್ಲು.

“ಸಾವಕಾರ್ರ ಮುಂದ ಖರೆ ಹೇಳ್ತೀರೇನು?”

“ಹೇಳ್ತೀನಿ. ನಿನ್ನಾಣಿ—”

“ಆಣಿ ಗೀಣಿ ಬ್ಯಾಡ್ರಿ. ಹೇಳ್ರಿ, ಸಾಕು.”

ಸಂಜಿಗೆ ಒಲಿ ಮುಂದ ನನಗಷ್ಟ ನೀಡಿದ್ಲು. ತಾನು ಉಣ್ಣಲಿಲ್ಲ.

20 ಅಕ್ಟೋಬರ್, ಮುಂಜಾನೆ

ತೆರೆಸಿದ್ಲು. ಉಸರ ಹಿಡದ ಎರಡ ಗೀಟು, ಎರಡ ಬೊಟ್ಟು. ಲಕ್ಷ್ಮಿ ನೋಡಿದ್ಲು ನನ್ನ. ತಲಿ ತಗ್ಗಿಸಿದೆ.

21 ಅಕ್ಟೋಬರ್, ಮಧ್ಯಾಹ್ನ

ಸಾವಕಾರ್ರು ಬಂದ್ರು, ಹುಕ್ಕೇರಿ ಬೀಗ್ರನ್ನೂ ಕರಕೊಂಡು. ಬೀಗ್ರು ಪಟದ ಮುಂದ ಚಪ್ಪಲಿ ಬಿಟ್ಟು ನಿಂತ್ರು. ಹನಿಗಣ್ಣಾದ್ರು.

“ಈ ಸಲ ಯಾರ ಕೈಯೋ ದುಂಡಪ್ಪಾ?” ಸಾವಕಾರ್ರು ಕೇಳಿದ್ರು.

ಯಮನವ್ವ ಬಾಗಲದಾಗ ಇರಲಿಲ್ಲ, ಹೊರಗ ಬಂದ ನಿಂತಿದ್ಲು. ಇಳಕಲ್ ಸೀರಿ ಉಟ್ಟಿದ್ಲು. ಆಕಿನ್ನ ನೋಡಿದೆ. ಬೀಗ್ರನ್ನ ನೋಡಿದೆ. ಬಾಯಿ ತೆರೆದೆ.

“ನಂದಽರಿ. ಪೂರ್ತಿ ನಂದಽ.”

ಅವರು ಪಟ ಹೊತಗೊಂಡು ಹೋದ್ರು. ಆಕಿ ಕುಂಚ ತೊಳದು, ಒರಸಿ, ನನ್ನ ಮುಂದ ಇಟ್ಲು. “ಬಾಳ ಚಲೋ ಬರದೀರಿ,” ಅಂದ್ಲು. ಸಿಟ್ಟಿರಲಿಲ್ಲ ದನಿಯಾಗ. ಅದಽ ಕೆಟ್ಟದ್ದು.

ಈಗ ಗಂಟ ಕಟ್ಟಾಕತ್ತಾಳ. ಕುಲಗೋಡ ಊರಿಗೆ, ಅಣ್ಣನ ಮನಿಗೆ. ದೀಪಾವಳಿ ನೆವ. ಎದ್ದ ಹೋಗಿ ತಡೀಬೇಕು. ಇಲ್ಲಾ ಸಾವಕಾರ್ರ ಬೆನ್ನ ಹತ್ತಿ ಓಡಬೇಕು, ಇನ್ನಾ ಬಜಾರ ದಾಟಿರೂದಿಲ್ಲ. ನಾನು ಕುಂತ ಬರಿಯಾಕತ್ತೇನಿ. ಹೇತಲಾಂಡಿ ನಾನು, ಅಂಜುಬುರುಕ. ಚಕ್ಕಡಿ ಬಂತು ಬಾಗಲಿಗೆ. ಇನ್ನೊಂದ ಸಾಲ ಬರದು ಏಳ್ತೀನಿ, ಎದ್ದು—