ಬುಧನ ಎಕ್ಸ್‌ರೇ

ಅಪ್ಪಾ,

ನೀವೇ ಇಲ್ಲ, ಈ ಕಾಗದ ನಿಮಗ ಮುಟ್ಟೂದಿಲ್ಲ, ಗೊತ್ತದರಿ. ಆದ್ರ ಹೇಳ್ಲಾಕ ಮತ್ಯಾರದಾರ?

ಇವತ್ತು ಮಧ್ಯಾಹ್ನ ಸೂರ್ಯ ಸಿಡದಾನ. ಭಾಲ್ಕಿ ದವಾಖಾನ್ಯಾಗ ಎಕ್ಸ್‌ರೇ ತೆಗೀತಿದ್ದ ನಿಮಗ ಆ ಮಷೀನು ಹ್ಯಾಂಗೋ, ನಮಗ ಸೂರ್ಯ ಹಂಗ. ಅವನ ಎಕ್ಸ್‌ರೇ ಬಡದಾಗ ಬುಧ ಗ್ರಹದ ಕಲ್ಲು ತಿರುಗಿ ತಮ್ಮ ಎಕ್ಸ್‌ರೇ ಬಿಡ್ತಾವ. ಬುಧನ ಸುತ್ತ ತಿರುಗೂ ನಮ್ಮ ಯಂತ್ರ ಅದನ್ನ ಹಿಡಿದು, ಎಲ್ಲಿ ಕಬ್ಬಿಣ, ಎಲ್ಲಿ ಗಂಧಕ ಅಂತ ಗೆರಿ ಹಾಕಿ ತೋರಸ್ತದ.

ಸಿಡಿತ ಮಿತಿ ಮೀರಿದ್ರ ಯಂತ್ರದ ಕಣ್ಣು ಸುಡ್ತದ. ಮುಚ್ಚಳ ಹಾಕ್ರಿ ಅಂತ ಕಂಟ್ರೋಲ್ ರೂಮಿಗಿ ಫೋನ್ ಮಾಡೂದು ನನ್ನ ಕೆಲಸ. ಬೀದರ ಮನ್ಯಾಗ ಪರದೆ ಮುಂದ ಕುಂತಿದ್ದೆ. ಮಿತಿ ದಾಟಿದ್ದು ಕಂಡಿತ್ತು, ಫೋನ್ ಕೈಯಾಗೇ ಇತ್ತು. ಜನ್ಮದಾಗ ಕಾಣದಂಥ ಗೆರಿ ಏಳ್ಲಾಕತ್ತಿದ್ವು. ಒಂದು ನಿಮಿಷ ಅಂದ್ಕೊಂಡೆ. ಆಮ್ಯಾಲ ಇನ್ನೊಂದು.

ನಿಮ್ಮ ಹತ್ರ ಎಕ್ಸ್‌ರೇ ತಡಿಯೂ ಸೀಸದ ಏಪ್ರನ್ ಒಂದೇ ಇತ್ತಲ್ರಿ. ಕೂಸು ಹಿಡ್ಕೊಂಡ ತಾಯಿಗಿ ಅದನ್ನ ಕಟ್ಟಿ, ನೀವು ಬರೇ ಅಂಗಿ ಮ್ಯಾಲ ನಿಂತು ಬಟನ್ ಒತ್ತತಿದ್ರಿ. ಮೂವತ್ತು ವರ್ಷ. ಹೋದ ವರ್ಷ "ಶರ್ವರಿ, ಎಲುಬು ಭಾಳ ನೋಯ್ತಾವ ನೋಡವ್ವ" ಅಂದ್ರಿ. "ಈ ಡೇಟಾ ಮುಗೀಲಿ ಅಪ್ಪಾ, ಒಂದು ವಾರ" ಅಂದೆ. ಆಮ್ಯಾಲ ಇನ್ನೊಂದು.

ಗೆರಿ ಎಲ್ಲಾ ಒಮ್ಮೆಲೇ ಬಿದ್ವು. ಪರದೆ ಸಪಾಟ ಆತು. ಹೊರಗ ಬಿಸಿಲು ದಿನದಂಗೇ ಇತ್ತು. ಆದ್ರೂ ಎದ್ದು ಕಿಟಕಿ ಹಾಕಿದೆ.

ಕಂಟ್ರೋಲ್ ರೂಮಿನವರೇ ಫೋನ್ ಮಾಡಿದ್ರು. "ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

"ಈಗಷ್ಟ" ಅಂದೆ.

ನೋವು ಯಾವಾಗಿಂದ ಅಂತ ನಿಮ್ಮ ಡಾಕ್ಟರ್ ಕೇಳಿದಾಗೂ ಇದನ್ನೇ ಹೇಳಿದ್ದೆ. ನೀವು ಬಾಜೂಕ ಕುಂತಿದ್ರಿ. ನನ್ನ ಮಾರಿ ನೋಡಿದ್ರಿ. "ಹೌದ್ರಿ ಸಾಹೇಬ್ರ, ಈಗೀಗ ಸುರು ಆಗ್ಯದ" ಅಂದ್ರಿ.